ಕೆಲಸ ಹೋದವನಿಗೆ ಸಾಕ್ಷಿ ಯಾರು?

2020ರ ಮಾರ್ಚ್ 24ರ ಮಧ್ಯರಾತ್ರಿ ದೇಶವೇ ಬಾಗಿಲು ಮುಚ್ಚಿಕೊಂಡಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮನೆಗಳಿಗೆ ಎರಡು ಭಯಗಳು ಒಟ್ಟಿಗೆ ಬಂದವು. ಒಂದು ಕೋವಿಡ್ ರೋಗದ ಭಯ. ಇನ್ನೊಂದು ನಾಳೆಯ ಕೂಲಿ ಇಲ್ಲವೆಂಬ ಭಯ. ಪರೀಕ್ಷೆಯಲ್ಲಿ ರೋಗ ಖಚಿತವಾದವರ ಹೆಸರು, ವಯಸ್ಸು, ಊರು ದಾಖಲಾದವು. ಪ್ರತಿ ಸಂಜೆ ಜಿಲ್ಲೆಯ ಲೆಕ್ಕದಲ್ಲಿ ಅವರು ಒಂದು ಅಂಕಿಯಾಗಿಯಾದರೂ ಸೇರಿದರು. ಕೆಲಸ ಕಳೆದುಕೊಂಡವರ ಲೆಕ್ಕವನ್ನು ಮಾತ್ರ ಯಾವ ಸಂಜೆಯೂ ಯಾರೂ ಪ್ರಕಟಿಸಲಿಲ್ಲ.

ಆ ದಿನಗಳನ್ನು ಓದುಗರು ಮರೆತಿರಲಾರರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆಗೆ ಸಿಕ್ಕಿದ್ದ ರಾಮದುರ್ಗದ ನೇಕಾರರು ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ಮಗ್ಗಗಳು ಮತ್ತೆ ನಿಂತವು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಕ್ತರ ಪ್ರವೇಶ ತಿಂಗಳುಗಟ್ಟಲೆ ನಿಂತುಹೋಯಿತು. ಕಾಯಿ, ಕರ್ಪೂರ, ಬಳೆ, ಭಂಡಾರ ಮಾರುವವರಿಗೂ ಆಟೋ ಓಡಿಸುವವರಿಗೂ ಅದರೊಡನೆ ಅನ್ನದ ದಾರಿ ನಿಂತಿತು. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹಮಾಲರ ಹೆಗಲಿಗೆ ಮೂಟೆ ಇಲ್ಲವಾಯಿತು. ಕಿತ್ತೂರಿನಿಂದ ಹೆದ್ದಾರಿ ಹಿಡಿದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುತ್ತಿದ್ದ ಯುವಕರು ಮನೆಯಲ್ಲಿ ಕುಳಿತರು. ಗೋವೆಗೂ ಮಂಗಳೂರಿಗೂ ದುಡಿಯಲು ಹೋಗಿದ್ದ ಗೌಂಡಿಗಳು, ಅವರ ಹೆಂಡಿರು ಮಕ್ಕಳು ಗಂಟುಮೂಟೆ ಹೊತ್ತು ಊರಿಗೆ ಮರಳಿದರು.

ಇವರ ಪೈಕಿ ಯಾರೊಬ್ಬರೂ ಸೋಮಾರಿತನದಿಂದ ಕೆಲಸ ಬಿಟ್ಟವರಲ್ಲ. ಜನರ ಪ್ರಾಣ ಉಳಿಯಲೆಂದು ಸಮಾಜವೇ ಅವರಿಗೆ ಮನೆಯಲ್ಲಿರುವಂತೆ ಆಜ್ಞಾಪಿಸಿತು. ಎಲ್ಲರ ಹಿತಕ್ಕಾಗಿ ಕೆಲವರು ತಮ್ಮ ದಿನದ ಕೂಲಿಯನ್ನು ಒಪ್ಪಿಸಿದ ಮೇಲೆ ಆ ಎಲ್ಲರೂ ಇವರಿಗೆ ಏನಾದರೂ ಸಲ್ಲಿಸಬೇಕಾಗಿತ್ತೇ? ಸಲ್ಲಬೇಕಾಗಿದ್ದರೆ ಅದನ್ನು ಕೇಳುವ ದಾರಿ ಯಾವುದಿತ್ತು? ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತ. ಏಕೆಂದರೆ ಮುಂದೊಂದು ದಿನ ಇನ್ನೊಂದು ರೋಗವೋ, ನೆರೆಯೋ, ಬರವೋ ಬಂದಾಗ ಇದೇ ಪ್ರಶ್ನೆ ನಮ್ಮ ಬಾಗಿಲಿಗೆ ಮರಳಿ ಬರಲಿದೆ.

ಬೇಡುವುದು ಮತ್ತು ಕೇಳುವುದು

ನಮ್ಮ ನುಡಿಯಲ್ಲಿ ಬೇಡುವುದಕ್ಕೂ ಕೇಳುವುದಕ್ಕೂ ಅಂತರವಿದೆ. ಇನ್ನೊಬ್ಬರ ಕೈಯಲ್ಲಿರುವುದನ್ನು ಬೇಡುತ್ತೇವೆ. ನಮಗೆ ಬರಬೇಕಾದುದನ್ನು ಕೇಳುತ್ತೇವೆ. ಬೇಡುವವನು ಕೊಡುವವನ ಮನಸ್ಸನ್ನು ನೋಡಬೇಕು. ಕೇಳುವವನು ಲೆಕ್ಕವನ್ನು ನೋಡಿದರೆ ಸಾಕು. ನಿರುದ್ಯೋಗ ಭತ್ಯೆಯು ಇವೆರಡರಲ್ಲಿ ಯಾವ ಬಗೆಗೆ ಸೇರಿದ್ದು?

ಭಾರತದ ಸಂವಿಧಾನದ 41ನೆಯ ಅನುಚ್ಛೇದವು ಇದಕ್ಕೆ ಒಂದು ಉತ್ತರವನ್ನು ಸೂಚಿಸಿದೆ. ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಕೆಲಸದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ಕಾಯಿಲೆಗಳ ಕಾಲದಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನೂ ಒದಗಿಸಲು ಪರಿಣಾಮಕಾರಿ ಏರ್ಪಾಡು ಮಾಡಬೇಕೆಂದು ಅದು ನಿರ್ದೇಶಿಸುತ್ತದೆ. ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸಲು ಬಾರದ ನಿರ್ದೇಶಕ ತತ್ತ್ವ ಇದಾದರೂ ಅಲ್ಲಿ ಬಳಸಿರುವ ಪದ ಹಕ್ಕು ಎಂಬುದೇ.

ಧರ್ಮಸಭೆಯ ಬೋಧನೆಯೂ ಇದೇ ದಿಕ್ಕಿನಲ್ಲಿದೆ. 1981ರ ಸೆಪ್ಟೆಂಬರ್ 14ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಮಾನವನ ದುಡಿಮೆಯನ್ನು ಕುರಿತು ಹೊರಡಿಸಿದ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರದಲ್ಲಿ ನಿರುದ್ಯೋಗಿಗಳಿಗೆ ಜೀವನಾಧಾರ ಒದಗಿಸುವುದು ಒಂದು ಕರ್ತವ್ಯವೆಂದು ಸ್ಪಷ್ಟಪಡಿಸಿದರು. ಸೃಷ್ಟಿಯ ಸಂಪತ್ತು ಎಲ್ಲರ ಬಳಕೆಗಾಗಿ ಇದೆ ಎಂಬ ಮೂಲತತ್ತ್ವದಿಂದ, ಸರಳವಾಗಿ ಹೇಳುವುದಾದರೆ ಬದುಕುವ ಹಕ್ಕಿನಿಂದ, ಆ ಕರ್ತವ್ಯ ಹುಟ್ಟುತ್ತದೆ ಎಂಬುದು ಅವರ ವಾದ. ಕೂಲಿ ಕೊಡುವ ಪ್ರತ್ಯಕ್ಷ ಮಾಲೀಕನ ಹಿಂದೆ ಕೂಲಿಯ ಷರತ್ತುಗಳನ್ನು ರೂಪಿಸುವ 'ಪರೋಕ್ಷ ಮಾಲೀಕ'ನೂ ಇದ್ದಾನೆ ಎಂಬ ವಿಚಾರವನ್ನು ಅದೇ ಪತ್ರ ಮುಂದಿಟ್ಟಿತು. ಕಾನೂನು ರಚಿಸುವ ಸರ್ಕಾರವೂ ಸಮಾಜದ ವಿವಿಧ ಸಂಸ್ಥೆಗಳೂ ಆ ಪರೋಕ್ಷ ಮಾಲೀಕನಲ್ಲಿ ಸೇರುತ್ತವೆ. ಹಾಗಾದರೆ ಕೆಲಸ ಹೋದವನ ಕೇಳಿಕೆಗೆ ಉತ್ತರ ಕೊಡಬೇಕಾದವರು ಒಬ್ಬರಲ್ಲ, ಹಲವರು.

ವಿಮೆಯ ದಾರಿ

ತತ್ತ್ವವನ್ನು ಇಲ್ಲಿಗೆ ನಿಲ್ಲಿಸಿ ಲೆಕ್ಕಕ್ಕೆ ಬರೋಣ. 2020ರಲ್ಲಿ ನಮ್ಮ ದೇಶದಲ್ಲಿ ನಿರುದ್ಯೋಗ ಭತ್ಯೆ ಇರಲೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ಪೂರ್ಣ ಸತ್ಯವಲ್ಲ. 1948ರ ಕಾನೂನಿನಡಿ ನಡೆಯುತ್ತಿದ್ದ ಇಎಸ್‌ಐ ವಿಮೆಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದು 2018ರ ಜುಲೈ 1ರಿಂದ ಜಾರಿಯಲ್ಲಿತ್ತು. ಕೆಲಸ ಕಳೆದುಕೊಂಡ ವಿಮಾದಾರನಿಗೆ ಜೀವನದಲ್ಲಿ ಒಮ್ಮೆ, ಗರಿಷ್ಠ 90 ದಿನಗಳವರೆಗೆ, ಆತನ ಸರಾಸರಿ ದಿನಗೂಲಿಯ ಶೇಕಡ 25ರಷ್ಟು ಹಣ ಕೊಡುವ ಏರ್ಪಾಡು ಅದು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಅದನ್ನು ಶೇಕಡ 50ಕ್ಕೆ ಏರಿಸಲಾಯಿತು. ಆ ವರ್ಷದ ಮಾರ್ಚ್ 24ರಿಂದ ಕೆಲಸ ಹೋದವರಿಗೂ ಇದು ಅನ್ವಯಿಸಿತು. ಕೆಲಸ ಹೋಗಿ 90 ದಿನ ಕಾಯಬೇಕೆಂಬ ನಿಯಮವನ್ನು 30 ದಿನಕ್ಕೆ ಇಳಿಸಲಾಯಿತು.

ತಿಂಗಳಿಗೆ 12,000 ರೂಪಾಯಿ ಪಗಾರದ ಒಬ್ಬ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2019ರ ಜುಲೈನಿಂದ ಇದ್ದ ದರದ ಪ್ರಕಾರ ಆತನ ಪಗಾರದಿಂದ ಶೇಕಡ 0.75, ಅಂದರೆ 90 ರೂಪಾಯಿ, ವಿಮೆಗೆ ಹೋಗುತ್ತಿತ್ತು. ಮಾಲೀಕನು ಶೇಕಡ 3.25, ಅಂದರೆ 390 ರೂಪಾಯಿ, ಸೇರಿಸಬೇಕಾಗಿತ್ತು. ಆತನ ದಿನದ ಸರಾಸರಿ ಸ್ಥೂಲವಾಗಿ 400 ರೂಪಾಯಿ. ಅದರ ಅರ್ಧ 200. 90 ದಿನಗಳಿಗೆ 18,000 ರೂಪಾಯಿ. ಒಂದು ಸಂಸಾರದ ಮೂರು ತಿಂಗಳ ಜೋಳ, ಬೇಳೆ, ಎಣ್ಣೆ, ಔಷಧಿಗೆ ಅದು ಸಣ್ಣ ಮೊತ್ತವಲ್ಲ.

ಈ ಹಣ ಪಡೆಯಲು ಷರತ್ತುಗಳಿದ್ದವು. ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು. ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆಯೂ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೊಂದರಲ್ಲಿ 78 ದಿನಗಳ ವಂತಿಗೆಯೂ ಜಮೆಯಾಗಿರಬೇಕು. ದುರ್ನಡತೆಗಾಗಿ ತೆಗೆದುಹಾಕಲ್ಪಟ್ಟವರಿಗೂ ವಯೋನಿವೃತ್ತರಿಗೂ ಇದು ಸಲ್ಲದು. ಮೊದಲಿನ ನಿಯಮದಂತೆ ಅರ್ಜಿಯು ಹಿಂದಿನ ಮಾಲೀಕನ ಮೂಲಕವೇ ಹೋಗಬೇಕಾಗಿತ್ತು. ಕೆಲಸದಿಂದ ಬಿಡಿಸಿದವನ ಬಳಿಗೇ ಹೋಗಿ, ನನ್ನನ್ನು ಬಿಡಿಸಿದ್ದೀರಿ ಎಂದು ಬರೆದುಕೊಡಿರಿ ಎಂದು ಕೈಮುಗಿಯಬೇಕಾದ ಸ್ಥಿತಿ ಅದು. 2020ರಲ್ಲಿ ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಕೊಡಬಹುದೆಂದು ಬದಲಿಸಿದರು. ಅಫಿಡವಿಟ್ ಬೇಕೆಂಬ ನಿಯಮವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಕೈಬಿಟ್ಟರು. ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ಹಣ ಖಾತೆಗೇ ಬರುತ್ತಿತ್ತು. ಇವು ನಿಜಕ್ಕೂ ಮಾನವೀಯವಾದ ತಿದ್ದುಪಡಿಗಳು.

ಆದರೆ ಈ ದಾರಿ ನಮ್ಮ ನಾಲ್ಕು ತಾಲೂಕುಗಳ ಎಷ್ಟು ಮನೆಗಳಿಗೆ ತಲುಪಬಲ್ಲದಾಗಿತ್ತು? ಆ ವಿಮೆಯು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ, 21,000 ರೂಪಾಯಿವರೆಗಿನ ಮಾಸಿಕ ವೇತನದವರಿಗೆ ಅನ್ವಯಿಸುತ್ತಿತ್ತು. ಮನೆಯ ಹಿಂಭಾಗದಲ್ಲಿ ನಾಲ್ಕು ಮಗ್ಗ ಹಾಕಿಕೊಂಡ ರಾಮದುರ್ಗದ ನೇಕಾರ, ಅವನ ಬಳಿ ದುಡಿಯುವ ಇಬ್ಬರು, ಈ ಲೆಕ್ಕದೊಳಗೆ ಬರುವವರಲ್ಲ. ಇನ್ನೂ ಗಮನಾರ್ಹವಾದ ಸಂಗತಿಯೊಂದಿದೆ. ಹಂಗಾಮಿ ಕಾರ್ಖಾನೆಗಳನ್ನು ಆ ಕಾನೂನು ಹೊರಗಿಟ್ಟಿತ್ತು. ಹಂಗಾಮಿ ಎಂದರೆ ಯಾವುವು ಎಂದು ಹೇಳುವಾಗ ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸಿಂಗ್, ಸಕ್ಕರೆ ಮತ್ತು ಬೆಲ್ಲದ ತಯಾರಿಕೆಗಳನ್ನು ಹೆಸರಿಸಿತ್ತು. ಹತ್ತಿಯ ಬೈಲಹೊಂಗಲಕ್ಕೂ, ಸಕ್ಕರೆ ಕಾರ್ಖಾನೆಗಳಿರುವ ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಗಳ ಸುತ್ತಲಿನ ಜನಕ್ಕೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಈ ನೆಲದ ಬೆಳೆಯನ್ನು ನಂಬಿ ನಿಂತ ಉದ್ಯಮಗಳೇ ಆ ಪಟ್ಟಿಯಲ್ಲಿ ಹೊರಗುಳಿದಿದ್ದವು.

ಧಾರವಾಡಕ್ಕೋ ಗೋವೆಗೋ ಹೋಗಿ ಕಾರ್ಖಾನೆಯಲ್ಲಿ ದುಡಿದವರಿಗೆ ಅವಕಾಶವಿತ್ತು. ಅಲ್ಲಿಯೂ ಗುತ್ತಿಗೆದಾರನು ವಂತಿಗೆ ಕಟ್ಟಿದ್ದನೇ, ಕಟ್ಟಿದ್ದರೆ ಎಷ್ಟು ದಿನಗಳಿಗೆ, ಗುತ್ತಿಗೆ ಬದಲಾದಾಗ ಹಳೆಯ ವಿಮಾ ಸಂಖ್ಯೆಯೇ ಮುಂದುವರಿಯಿತೇ ಎಂಬ ಪ್ರಶ್ನೆಗಳಿದ್ದವು. ತನ್ನ ವಿಮಾ ಸಂಖ್ಯೆ ಏನೆಂದು ಬರೆದಿಟ್ಟುಕೊಂಡವನಿಗೆ ಮಾತ್ರ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಾಧ್ಯವಿತ್ತು. ಅದೇ 2020ರ ಮಾರ್ಚ್ ಕೊನೆಯಲ್ಲಿ ಭವಿಷ್ಯ ನಿಧಿಯಿಂದ ಹಣ ತೆಗೆಯಲು ವಿಶೇಷ ಅವಕಾಶ ಕೊಟ್ಟದ್ದುಂಟು. ಅದು ಕಾರ್ಮಿಕನ ಮುಪ್ಪಿನ ಉಳಿತಾಯ. ತನ್ನ ಬುತ್ತಿಯನ್ನು ತಾನೇ ಬೇಗ ಬಿಚ್ಚಿ ಉಂಡದ್ದನ್ನು ಭತ್ಯೆ ಎನ್ನಲಾಗದು.

ತಾರೀಖು ಬಿದ್ದ ರಶೀದಿ

ಹಳ್ಳಿಯ ಕೂಲಿಕಾರರಿಗೆ ಇನ್ನೊಂದು ದಾರಿ ಇತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯನ್ನು ನಮ್ಮವರು ಕೆರೆ ಹೂಳೆತ್ತುವ, ಬದು ಹಾಕುವ ಕೆಲಸವೆಂದಷ್ಟೇ ಬಲ್ಲರು. ಅದರ 7ನೆಯ ಪ್ರಕರಣದಲ್ಲಿ ನಿರುದ್ಯೋಗ ಭತ್ಯೆಯ ಮಾತಿತ್ತು ಎಂಬುದನ್ನು ಬಲ್ಲವರು ಕಡಿಮೆ. ಜಾಬ್ ಕಾರ್ಡ್ ಇರುವ ಕುಟುಂಬವು ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ಭತ್ಯೆ ಸಲ್ಲಬೇಕಾಗಿತ್ತು. ಆರ್ಥಿಕ ವರ್ಷದ ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗಕ್ಕೂ, ಅನಂತರದ ದಿನಗಳಿಗೆ ಅರ್ಧ ಭಾಗಕ್ಕೂ ಅದು ಕಡಿಮೆಯಾಗುವಂತಿರಲಿಲ್ಲ. 2020-21ರಲ್ಲಿ ಕರ್ನಾಟಕದ ದಿನಗೂಲಿ 275 ರೂಪಾಯಿ. ಅದರಂತೆ ಮೊದಲು ದಿನಕ್ಕೆ ಕನಿಷ್ಠ 68 ರೂಪಾಯಿ 75 ಪೈಸೆ, ಬಳಿಕ 137 ರೂಪಾಯಿ 50 ಪೈಸೆ.

ಆ ವರ್ಷ ಗೋವೆ, ಮಂಗಳೂರುಗಳಿಂದ ಮರಳಿದವರಿಗೆ ಉದ್ಯೋಗ ಖಾತ್ರಿಯೇ ಹತ್ತಿರದ ಆಸರೆಯಾಗಿತ್ತು. ಕೇಂದ್ರ ಸರ್ಕಾರವು 2020ರ ಮೇ ತಿಂಗಳಲ್ಲಿ ಈ ಯೋಜನೆಗೆ 40,000 ಕೋಟಿ ರೂಪಾಯಿಗಳನ್ನು ಹೆಚ್ಚುವರಿಯಾಗಿ ಘೋಷಿಸಿತು. ಕೆಲಸ ಸಿಕ್ಕಿದವರಿಗೆ ಭತ್ಯೆಯ ಅಗತ್ಯವಿರಲಿಲ್ಲ. ಕೆಲಸ ಸಿಗದವರ ಭತ್ಯೆಯ ಹಕ್ಕು ಒಂದು ಸಣ್ಣ ಕಾಗದದ ಮೇಲೆ ನಿಂತಿತ್ತು. ಕೆಲಸ ಬೇಕೆಂದು ಬರೆದು ಕೊಟ್ಟ ಅರ್ಜಿಗೆ ಪಂಚಾಯಿತಿ ಕೊಡಬೇಕಾದ, ತಾರೀಖು ಬಿದ್ದ ರಶೀದಿ ಅದು. 15 ದಿನ ಎಣಿಸುವುದು ಆ ತಾರೀಖಿನಿಂದ. ಕಟ್ಟೆಯ ಮೇಲೆ ಕುಳಿತವರ ಮುಂದೆ ನಿಂತು ಬಾಯಿಮಾತಿನಲ್ಲಿ ಕೆಲಸ ಕೇಳಿ ಬಂದವನಿಗೆ ತಾರೀಖು ಇಲ್ಲ. ತಾರೀಖು ಇಲ್ಲದವನಿಗೆ ವಿಳಂಬವೂ ಇಲ್ಲ. ವಿಳಂಬವಿಲ್ಲದಿದ್ದರೆ ಭತ್ಯೆಯ ಪ್ರಶ್ನೆಯೇ ಏಳದು. ಕೂಲಿಯ ಹಣವನ್ನು ಕೇಂದ್ರವೂ ಭತ್ಯೆಯ ಹಣವನ್ನು ರಾಜ್ಯವೂ ಭರಿಸಬೇಕೆಂಬ ನಿಯಮವಿದ್ದುದರಿಂದ ತಾರೀಖು ಹಾಕಿದ ರಶೀದಿ ಸರ್ಕಾರದ ಖಜಾನೆಗೂ ಭಾರವಾಗುವ ವಸ್ತುವಾಗಿತ್ತು ಎಂಬುದನ್ನೂ ನೆನಪಿಡಬೇಕು.

ಪಟ್ಟಿಯಲ್ಲಿ ಇದ್ದವರು, ಇಲ್ಲದವರು

ಮೂರನೆಯದು ರಾಜ್ಯ ಸರ್ಕಾರದ ಪರಿಹಾರ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿದರು. ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ ತಲಾ 5,000 ರೂಪಾಯಿ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ಘೋಷಿಸಿದ್ದ 2,000 ರೂಪಾಯಿಯ ಮೇಲೆ ಇನ್ನೂ 3,000. ಕೈಮಗ್ಗದ ನೇಕಾರರಿಗೆ 2,000. ವಿದ್ಯುತ್ ಮಗ್ಗದ ಕಾರ್ಮಿಕರಿಗೆ ತಲಾ 2,000 ಕೊಡುವ ಘೋಷಣೆ ಅದೇ ತಿಂಗಳು ಪ್ರತ್ಯೇಕವಾಗಿ ಬಂದಿತು, 1.25 ಲಕ್ಷ ಜನರಿಗೆಂದು ಅದರ ಲೆಕ್ಕ. ಹಮಾಲರು, ದರ್ಜಿಗಳು, ಮನೆಗೆಲಸದವರು ಮುಂತಾದವರಿಗೆ 2,000 ರೂಪಾಯಿ ಪ್ರಕಟವಾದುದು ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆ ಬಂದಾಗ.

ಕಷ್ಟಕಾಲದಲ್ಲಿ ಸರ್ಕಾರ ಕೊಟ್ಟದ್ದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಈ ಸಾಲುಗಳಲ್ಲಿ ಕಾಣುವ ಒಂದು ಅಂಶವನ್ನು ಗಮನಿಸೋಣ. ನೋಂದಾಯಿತ ಕಟ್ಟಡ ಕಾರ್ಮಿಕರ ಖಾತೆಗೆ ಹಣ ಹಾಕಲು ಸರ್ಕಾರಕ್ಕೆ ಅವರ ಹೆಸರಿನ ಪಟ್ಟಿ ಸಿದ್ಧವಾಗಿತ್ತು. ಕ್ಷೌರಿಕರೂ ಮಡಿವಾಳರೂ ಸೇವಾಸಿಂಧುವಿನಲ್ಲಿ ಹೊಸದಾಗಿ ಅರ್ಜಿ ಹಾಕಿ, ತಾವು ಇದೇ ವೃತ್ತಿಯವರೆಂದು ಪ್ರಮಾಣಪತ್ರ ತರಬೇಕಾಯಿತು. ಮೂವತ್ತು ವರ್ಷ ಒಂದೇ ಓಣಿಯಲ್ಲಿ ಕತ್ತರಿ ಹಿಡಿದವನಿಗೂ, ಅಂಗಡಿ ಮುಚ್ಚಿದ ಆ ದಿನಗಳಲ್ಲಿ, ತನ್ನ ವೃತ್ತಿಗೆ ಸಾಕ್ಷಿ ಬೇಕಾಯಿತು. ಇನ್ನು ಕಟ್ಟಡ ಕಾರ್ಮಿಕನಾಗಿ ನೋಂದಣಿಯಾಗಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ಬೇಕಾಗಿತ್ತು. ಮುಕಾದಮನ ಕೈಕೆಳಗೆ ಇಂದು ಒಂದು ಊರು, ನಾಳೆ ಒಂದು ಊರು ಎಂದು ಅಲೆದ ಗೌಂಡಿಗೆ ಆ ಕಾಗದಕ್ಕೆ ಸಹಿ ಹಾಕುವವರು ಯಾರು?

ಇಲ್ಲಿಗೆ ವಿಷಯದ ತಿರುಳು ಸಿಕ್ಕಿತು. ಕೆಲಸ ಹೋಯಿತೆಂದು ತೋರಿಸಲು ಮೊದಲು ಕೆಲಸ ಇತ್ತೆಂದು ತೋರಿಸಬೇಕು. ಕೆಲಸ ಇದ್ದಾಗ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವನು, ಕೆಲಸ ಹೋದಾಗ ಕಾನೂನಿನ ಕಣ್ಣಿಗೆ ನಿರುದ್ಯೋಗಿಯೂ ಅಲ್ಲ. ಅಮೆರಿಕದಲ್ಲಿ 2020ರ ವಸಂತದಲ್ಲಿ ಒಂದೇ ವಾರ 60 ಲಕ್ಷದಷ್ಟು ಜನ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರೆಂಬ ಸುದ್ದಿಯನ್ನು ನಾವು ಓದಿ ಬೆರಗಾದೆವು. ಅಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಇತ್ತು. ಆದ್ದರಿಂದ ಅಂಕಿಯೂ ಇತ್ತು. ನಮ್ಮಲ್ಲಿ ಬಹುಪಾಲು ಜನರಿಗೆ ಕಿಟಕಿಯೇ ಇರಲಿಲ್ಲ. ಆದ್ದರಿಂದ ಅವರ ಸಂಕಟಕ್ಕೆ ಅಂಕಿಯೂ ಸಿಗಲಿಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿ ಆಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ಜೂನ್ 29ರಂದು ಆದೇಶಿಸಿದ್ದರ ಹಿನ್ನೆಲೆ ಇದೇ. ಅದೇ ಆಗಸ್ಟ್ 26ರಂದು ಇ-ಶ್ರಮ್ ನೋಂದಣಿ ಆರಂಭವಾಯಿತು.

ಐದು ಗಂಟೆಯವರೆಗೆ ನಿಂತವರು

ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಮ್ಮ ಕುಟುಂಬಗಳೆಲ್ಲ ಬಲ್ಲವು. ಸಂಜೆ ಐದರ ಹೊತ್ತಿಗೂ ಪೇಟೆಯಲ್ಲಿ ನಿಂತಿದ್ದವರನ್ನು ಯಜಮಾನನು ಕಾರಣ ಕೇಳಿದಾಗ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಯಜಮಾನನು ಆ ಮಾತನ್ನು ನಂಬುತ್ತಾನೆ. ಪ್ರಮಾಣಪತ್ರ ಕೇಳುವುದಿಲ್ಲ. ದಿನದ ಕೊನೆಗೆ ಅವರಿಗೂ ಒಂದು ದಿನ ಬದುಕಲು ಬೇಕಾಗುವಷ್ಟನ್ನು ಕೊಡಿಸುತ್ತಾನೆ.

ಈ ಸಾಮತಿಯನ್ನು ದೇವರ ಔದಾರ್ಯಕ್ಕೆ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಯಜಮಾನನು ಏಕೆ ನಂಬಿದನು ಎಂಬುದನ್ನೂ ವಿಚಾರಿಸಬೇಕು. ಆತನು ಬೆಳಗಿನಿಂದ ಐದು ಬಾರಿ ಸ್ವತಃ ಪೇಟೆಗೆ ಹೋಗಿಬಂದಿದ್ದನು. ನಿಂತವರನ್ನು ಆತನ ಕಣ್ಣು ಕಂಡಿತ್ತು. ಕಚೇರಿಗೆ ಅಂಥ ಕಣ್ಣಿಲ್ಲ. ಇರಲೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಸಾವಿರಾರು ಅರ್ಜಿಗಳ ನಡುವೆ ಸುಳ್ಳನ್ನು ಬೇರ್ಪಡಿಸಲು ಅದಕ್ಕೆ ಕಾಗದ ಬೇಕೇ ಬೇಕು. ಆದಕಾರಣ ಕಂಡವರು ಸಾಕ್ಷಿಯಾಗಬೇಕು. ಪ್ರತಿಯೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಮನಸ್ಸನ್ನು ಸಂತ ತೋಮಸ್ ಅಕ್ವಿನಾಸರು ನ್ಯಾಯವೆಂದು ವಿವರಿಸಿದರು. ದುಡಿದವನಿಗೆ ಸಲ್ಲಬೇಕಾದುದು ಕೂಲಿ ಮಾತ್ರವೇ? ಆತ ದುಡಿದನೆಂಬ ಸತ್ಯದ ದಾಖಲೆಯೂ ಆತನಿಗೆ ಸಲ್ಲಬೇಕಾದದ್ದೇ. ಕೂಲಿ ಕೊಟ್ಟು ದಾಖಲೆ ಕೊಡದವನು ಸಾಲದ ಅರ್ಧವನ್ನು ಮಾತ್ರ ತೀರಿಸಿದ್ದಾನೆ.

ಈ ಮಾತು ನಮ್ಮ ಮನೆಗಳಿಗೂ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಕೂಲಿಗೆ ಹೋಗುವ ಕುಟುಂಬಗಳಿವೆ. ಕೂಲಿಗೆ ಕರೆಯುವ ಕುಟುಂಬಗಳೂ ಇವೆ. ಮನೆ ಕಟ್ಟಿಸುವಾಗ ಗೌಂಡಿಯನ್ನು, ಶಾಲೆಯಲ್ಲಿ ಅಡುಗೆಯವರನ್ನು, ಅಂಗಡಿಯಲ್ಲಿ ಹುಡುಗನನ್ನು ಇಟ್ಟುಕೊಂಡವರು ಒಂದು ಹಾಜರಿ ಪುಸ್ತಕ ಇಡಬಹುದು. ಕೊಟ್ಟ ಪಗಾರಕ್ಕೆ ಚೀಟಿ ಬರೆದುಕೊಡಬಹುದು. ಕಾನೂನಿನಂತೆ ವಂತಿಗೆ ಸಲ್ಲಬೇಕಾದಲ್ಲಿ ತಪ್ಪದೆ ಕಟ್ಟಬೇಕು. ಗೌಂಡಿ ತನ್ನ ನೋಂದಣಿಗೆ ದುಡಿದ ದಿನಗಳ ಪತ್ರ ಕೇಳಿ ಬಂದಾಗ ಅದನ್ನು ಉಪಕಾರವೆಂದು ಭಾವಿಸದೆ ಬರೆದುಕೊಡಬೇಕು.

ದುಡಿಯಲು ಹೋಗುವವರು ಮಾಡಬೇಕಾದುದೂ ಉಂಟು. ವಿಮಾ ಸಂಖ್ಯೆ, ಭವಿಷ್ಯ ನಿಧಿಯ ಸಂಖ್ಯೆ, ಇ-ಶ್ರಮ್ ಸಂಖ್ಯೆ, ಜಾಬ್ ಕಾರ್ಡಿನ ಸಂಖ್ಯೆ ಇವನ್ನು ಒಂದು ಪುಸ್ತಕದಲ್ಲಿ ಬರೆದು ಪಡಿತರ ಚೀಟಿಯೊಡನೆ ಇಡಬೇಕು. ಪಗಾರದಲ್ಲಿ ವಿಮೆಗೆಂದು ಹಣ ಮುರಿದರೆ ಅದು ತಮ್ಮ ಹೆಸರಿಗೆ ಜಮೆಯಾಯಿತೇ ಎಂದು ಕೇಳಬೇಕು. ಕೆಲಸ ಕೇಳುವಾಗ ಬರೆದು ಕೇಳಬೇಕು. ರಶೀದಿ ಪಡೆಯದೆ ಹಿಂದಿರುಗಬಾರದು. ಬರೆಯಲು ಬಾರದ ಹಿರಿಯರಿದ್ದರೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಅರ್ಜಿ ಬರೆದುಕೊಡಲಿ. ಯುವಜನರ ಸಂಘಗಳೂ ಸ್ತ್ರೀಯರ ಸಂಘಗಳೂ ಇದನ್ನು ಓಣಿಯ ಎಲ್ಲ ಮನೆಗಳಿಗೂ, ಜಾತಿ ಮತಗಳನ್ನು ನೋಡದೆ, ಮಾಡಬಲ್ಲವು. ರೋಗ ಬಂದಾಗ ಅದು ಯಾವ ಮನೆಯನ್ನೂ ಬೇರೆಯೆಂದು ಎಣಿಸಲಿಲ್ಲ.

ಕಾನೂನುಗಳ ಹೆಸರು ಬದಲಾಗುತ್ತಲೇ ಇರುತ್ತದೆ. ಇಎಸ್‌ಐ ಮತ್ತು ಕಟ್ಟಡ ಕಾರ್ಮಿಕರ ಹಳೆಯ ಕಾನೂನುಗಳನ್ನು ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಗ್ರಾಮೀಣ ಉದ್ಯೋಗದ ವಿಷಯದಲ್ಲಿ 125 ದಿನಗಳ ಕೆಲಸದ ಹೊಸ ಕಾಯ್ದೆಯನ್ನು ಸಂಸತ್ತು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಹೊಸ ನಿಯಮಗಳನ್ನು ಬಲ್ಲವರಿಂದ ಕೇಳಿ ತಿಳಿಯುವುದು ಅಗತ್ಯ. ಯಾವ ಕಾನೂನು ಬಂದರೂ ಕಚೇರಿ ಕೇಳುವ ಮೊದಲ ಪ್ರಶ್ನೆ ಮಾತ್ರ ಬದಲಾಗದು: ನೀನು ಎಲ್ಲಿ ದುಡಿಯುತ್ತಿದ್ದೆ, ಅದಕ್ಕೆ ಏನು ಆಧಾರ?

ಆ ಪ್ರಶ್ನೆಗೆ ಉತ್ತರವನ್ನು ಸಂಕಟದ ದಿನ ಹುಡುಕಲು ಹೊರಟರೆ ಸಿಗದು. ಕೆಲಸ ಇರುವಾಗಲೇ, ಕೈಯಲ್ಲಿ ಕೂಲಿ ಬೀಳುವ ದಿನವೇ, ಅದನ್ನು ಬರೆದಿಡಬೇಕು. ಬರೆಯುವ ಕೈ ಮಾಲೀಕನದಾಗಿರಲಿ, ಕಾರ್ಮಿಕನದಾಗಿರಲಿ, ನೆರೆಮನೆಯ ವಿದ್ಯಾರ್ಥಿಯದಾಗಿರಲಿ, ಆ ಒಂದು ಸಾಲಿನಲ್ಲಿ ಮುಂದಿನ ದುರ್ದಿನಕ್ಕೆ ಒಂದು ಮನೆಯ ಅನ್ನವಿರುತ್ತದೆ.